ಒಂಟಿ ಮೊಲಕ್ಕೆ ಆಪರೇಷನ್ ಯಾಕೆ?

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೊಲ ಸಾಕಿರುವವರ ಮುಂದೆ ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊಲಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಕ್ಕೆ ಮೊದಲು ಥ್ಯಾಂಕ್ಸ್. ಈ ಮೈಕಿನ ಸದ್ದಿಗೆ ಅವು ಬೆದರಿದ್ದರೆ ನಾನು ಮಾತು ಬಿಟ್ಟು ಚಿಕಿತ್ಸೆಗೆ ಕೂರಬೇಕಾಗುತ್ತಿತ್ತು.

ರಾಜ ಅನ್ನುವ ಮೊಲದಿಂದ ಶುರು ಮಾಡುತ್ತೇನೆ. 4 ವರ್ಷದ ಬಿಳಿ ಮೊಲ. ಉಗುರು ಕತ್ತರಿಸಿಕೊಂಡು ಹೋಗೋಣ ಅಂತ ಅಜ್ಜಿ, ಮಗಳು, ಮೊಮ್ಮಗ ಮೂವರೂ ಬಂದಿದ್ದರು. ಉಗುರು ಆಯಿತು. ಹಾಗೇ ಅಭ್ಯಾಸಬಲದಿಂದ ಬಾಲದ ಕೆಳಗೆ ನೋಡಿದೆ. ರಾಜ ಹೆಣ್ಣು! ಹುಡುಗನ ಮುಖ ಸಪ್ಪಗಾಯಿತು. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸೋದು ಕಷ್ಟ, ಮಾರುವವರಿಗೂ ಎಷ್ಟೋ ಸಲ ಗೊತ್ತಾಗೋದಿಲ್ಲ ಅಂತ ಸಮಾಧಾನ ಹೇಳಿದೆ. ಆಮೇಲೆ, ಹೆಣ್ಣಾದರೆ ಗರ್ಭಕೋಶ ತೆಗೆಸುವ ಬಗ್ಗೆ ಯೋಚನೆ ಮಾಡಿ ಅಂದೆ.

ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಡಾಕ್ಟ್ರೇ, ಮನೇಲಿರೋದು ಒಂದೇ ಮೊಲ. ಗಂಡಿನ ಮುಖಾನೇ ನೋಡಿಲ್ಲ ಅದು. ಮರಿ ಹಾಕೋ ಮಾತೇ ಇಲ್ಲ. ಮತ್ಯಾಕೆ ಸುಮ್ನೆ ಹೊಟ್ಟೆ ಕೊಯ್ಯೋದು?"

ನ್ಯಾಯವಾದ ಪ್ರಶ್ನೆ. ನೀವೂ ಬಹಳ ಜನ ಅದನ್ನೇ ಕೇಳಲು ಬಂದಿದ್ದೀರಿ.

ಈ ಆಪರೇಷನ್ ಬಗ್ಗೆ ನಮ್ಮ ತಲೆಯಲ್ಲಿರುವ ಚಿತ್ರ ಬೇರೆ ಪ್ರಾಣಿಗಳಿಂದ ಬಂದದ್ದು. ಹಳ್ಳಿಯಲ್ಲಿ ಹೋರಿಗೆ ಬೀಜ ಒಡೆಸುತ್ತಿದ್ದರು, ನೊಗಕ್ಕೆ ಬಗ್ಗಲಿ ಅಂತ. ಬೀದಿನಾಯಿಗೆ ಸಂತಾನಹರಣ ಮಾಡಿಸುತ್ತಾರೆ, ಸಂಖ್ಯೆ ಹೆಚ್ಚದಿರಲಿ ಅಂತ. ಅಂದರೆ ಒಂದೋ ಪೊಗರು ಇಳಿಸೋದು, ಇಲ್ಲ ಮರಿ ತಡೆಯೋದು. ಒಂಟಿಯಾಗಿ ಬೆಳೆದ ಹೆಣ್ಣು ಮೊಲಕ್ಕೆ ಇವೆರಡೂ ದೊಡ್ಡ ಕಾರಣ ಅಲ್ಲ. ಅದರ ಗರ್ಭಕೋಶಕ್ಕೆ ಕ್ಯಾನ್ಸರ್ ಬರುವುದು ಬಹಳ ಜಾಸ್ತಿ. ಅದೇ ಕಾರಣ.

ಮೊಲದ ಗರ್ಭಕೋಶವೇ ವಿಚಿತ್ರ. ಎರಡು ಕೊಂಬು, ಎರಡಕ್ಕೂ ಬೇರೆ ಬೇರೆ ಬಾಯಿ. ನಾಯಿಯ ಹಾಗೆ ವರ್ಷಕ್ಕೆ ಒಂದೆರಡು ಸಲ ಬೆದೆಗೆ ಬಂದು ತಣ್ಣಗಾಗುವ ಲೆಕ್ಕ ಇಲ್ಲಿಲ್ಲ. ಅಂಡ ಬಿಡುಗಡೆಯಾಗೋದು ಗಂಡು ಸೇರಿದ ಮೇಲೆ, ಸುಮಾರು 10 ರಿಂದ 12 ಗಂಟೆಯ ನಂತರ. ಅಲ್ಲಿಯವರೆಗೆ ಅಂಡಾಶಯ ತಯಾರಾಗಿ ಕಾಯುತ್ತಾ, ಹಾರ್ಮೋನು ಸುರಿಸುತ್ತಾ ಇರುತ್ತದೆ. ಬಸಿರು ಒಂದೇ ತಿಂಗಳು. ಮರಿ ಹಾಕಿದ ದಿನವೇ ಮತ್ತೆ ಬಸಿರಾಗಬಲ್ಲದು. ಕಾಡಿನ ಮೊಲಕ್ಕೆ ಈ ಏರ್ಪಾಟು ಸರಿ. ಅದನ್ನು ತಿನ್ನೋರು ಜಾಸ್ತಿ, ಆಯಸ್ಸು ಕಡಿಮೆ. ನಮ್ಮನೆ ಸೋಫಾದ ಕೆಳಗಿನ ಮೊಲ 8, 10 ವರ್ಷ ಬದುಕುತ್ತದೆ. ಗರ್ಭಕೋಶಕ್ಕೆ ಅಷ್ಟು ವರ್ಷ ಬಿಡುವೇ ಇಲ್ಲ. ಒಳಪದರ ದಪ್ಪವಾಗುತ್ತದೆ, ನೀರುಗುಳ್ಳೆ ಬರುತ್ತದೆ, ಕೀವು ತುಂಬಬಹುದು. ಗೆಡ್ಡೆಯಾದರೆ ಅದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು.

ಹಾಗಾದರೆ ಒಂದು ಸಲ ಮರಿ ಹಾಕಿಸಿಬಿಟ್ಟರೆ ಸರಿಹೋಗುತ್ತಲ್ವಾ ಅಂತ ಕೇಳುತ್ತಾರೆ. ಇಲ್ಲ. ಮರಿ ಹಾಕಿದ ಮೊಲಕ್ಕೂ ಬರುತ್ತದೆ, ಹಾಕದ್ದಕ್ಕೂ ಬರುತ್ತದೆ. ನಿಮಗೆ ಆರು ಮರಿ ಹೆಚ್ಚಾಗುತ್ತವೆ, ಅಷ್ಟೇ.

ಈಗ ಸಂಖ್ಯೆಯ ವಿಷಯ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಶೇಕಡಾ 80 ಅಂತ ಕಾಣುತ್ತದೆ. ಹೆಣ್ಣು ಮೊಲಗಳಲ್ಲಿ ನೂರಕ್ಕೆ ಎಂಬತ್ತಕ್ಕೆ ಗರ್ಭಕೋಶದ ಕ್ಯಾನ್ಸರ್ ಅಂತ. ಓದಿದವರಿಗೆ ರಾತ್ರಿ ನಿದ್ದೆ ಬರೋದಿಲ್ಲ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಬಂದಿರೋದು ಪ್ರಯೋಗಾಲಯದಲ್ಲಿ ಸಾಕಿದ ಮೊಲಗಳಿಂದ, ಅದೂ 5, 6 ವರ್ಷ ತುಂಬಿದವುಗಳಿಂದ. ಅದೇ ಹಳೆಯ ಅಧ್ಯಯನಗಳಲ್ಲಿ 2, 3 ವರ್ಷದ ಮೊಲಗಳ ಲೆಕ್ಕ ನೂರಕ್ಕೆ ನಾಲ್ಕರ ಹತ್ತಿರ. ತಳಿಯಿಂದ ತಳಿಗೂ ವ್ಯತ್ಯಾಸ ಇದೆ. ಹಾಗಾಗಿ 80 ಅನ್ನೋದನ್ನು ನಿಮ್ಮ ಮೊಲದ ಹಣೆಗೆ ಅಂಟಿಸಬೇಡಿ. ಆದರೆ ಎರಡು ಸಂಖ್ಯೆಗಳ ನಡುವೆ ಏನಾಯಿತು ನೋಡಿ. ಎರಡು ಮೂರು ವರ್ಷದಲ್ಲಿ ಅಪಾಯ ಎಲ್ಲಿಂದ ಎಲ್ಲಿಗೆ ಏರಿತು! ಬೆಳೆದ ಮೊಲ ಸಾಕಿದವರು ನೆನಪಿಡಬೇಕಾದದ್ದು ಈ ಏರಿಕೆಯನ್ನು. ನೀವು ಯೋಚಿಸುತ್ತಾ ಕೂತ ಒಂದೊಂದು ವರ್ಷವೂ ಲೆಕ್ಕಕ್ಕೆ ಬರುತ್ತದೆ.

ಇದು ಹೊರಗೆ ಹೇಗೆ ಕಾಣುತ್ತದೆ? ಬಹಳ ದಿನ ಏನೂ ಕಾಣೋದಿಲ್ಲ. ಮೊಲ ನೋವನ್ನು ಬಚ್ಚಿಡುವ ಪ್ರಾಣಿ. ಸಾಮಾನ್ಯವಾಗಿ ಮೊದಲು ಕಾಣೋದು ಮೂತ್ರದಲ್ಲಿ ರಕ್ತ. ಇಲ್ಲೊಂದು ತಮಾಷೆ ಇದೆ, ಅದೇ ತೊಂದರೆಯೂ ಹೌದು. ಆರೋಗ್ಯವಾಗಿರುವ ಮೊಲದ ಮೂತ್ರವೂ ಕೆಲವು ದಿನ ಕೆಂಪಗಿರುತ್ತದೆ, ತಿಂದ ಸೊಪ್ಪಿನ ಬಣ್ಣದಿಂದ. ಹಳದಿ, ಕಿತ್ತಳೆ, ಇಟ್ಟಿಗೆ ಬಣ್ಣ ಎಲ್ಲ ಸಹಜ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಫೋನ್ ಮಾಡಿ ಮೊಲದ ಮೂತ್ರ ಕೆಂಪಗಿದೆ ಅಂದರು. "ಬೀಟ್‌ರೂಟ್ ಕೊಟ್ಟಿದ್ರಾ?" ಅಂದೆ. ಕೊಟ್ಟಿದ್ದರು. "ಹಾಗಾದ್ರೆ ಅದೇ" ಅಂದೆ. ಎರಡು ದಿನಕ್ಕೆ ಬಣ್ಣ ಸರಿಹೋಯಿತು, ಅವರೂ ಸುಮ್ಮನಾದರು, ನಾನೂ ಮರೆತೆ. ಐದು ತಿಂಗಳ ಮೇಲೆ ಆ ಮೊಲವನ್ನು ಮೇಜಿನ ಮೇಲೆ ಇಟ್ಟಾಗ ಅದು ಬಾಯಿ ತೆರೆದು ಉಸಿರಾಡುತ್ತಿತ್ತು. ಎಕ್ಸ್‌ರೇ ತೆಗೆದರೆ ಎದೆ ತುಂಬಾ ಗೋಲಿ ಚೆಲ್ಲಿದ ಹಾಗೆ ಗೆಡ್ಡೆಗಳು. ಗರ್ಭಕೋಶದ ರಕ್ತ ದಿನಾ ಬರೋದಿಲ್ಲ. ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಈಗ ನಾನು ಫೋನಿನಲ್ಲಿ ಬಣ್ಣ ಕೇಳಿ ಉತ್ತರ ಕೊಡೋದಿಲ್ಲ. ಮೂತ್ರ ತನ್ನಿ ಅನ್ನುತ್ತೇನೆ. ಪಟ್ಟಿ ಅದ್ದಿ ನೋಡಿದರೆ ಸೊಪ್ಪಿನ ಬಣ್ಣವೋ ರಕ್ತವೋ ತಿಳಿಯುತ್ತದೆ. ಒಂದು ಸಲ ರಕ್ತ ಕಾಣದಿದ್ದರೂ ಮತ್ತೊಮ್ಮೆ ನೋಡುತ್ತೇನೆ.

ತಕ್ಕಡಿಯ ಒಂದು ತಟ್ಟೆ ಇದು. ಇನ್ನೊಂದು ತಟ್ಟೆಯಲ್ಲಿ ಅರಿವಳಿಕೆ ಇದೆ. ಅದರ ಬಗ್ಗೆ ನಾವು ಡಾಕ್ಟರುಗಳು ಸ್ವಲ್ಪ ಮೆಲ್ಲಗೆ ಮಾತಾಡುತ್ತೇವೆ. ಇವತ್ತು ಜೋರಾಗೇ ಹೇಳುತ್ತೇನೆ.

ಬ್ರಿಟನ್ನಿನಲ್ಲಿ 2002 ರಿಂದ 2004 ರವರೆಗೆ ನೂರಕ್ಕೂ ಹೆಚ್ಚು ಪಶು ಆಸ್ಪತ್ರೆಗಳು ಸೇರಿ ಒಂದು ಲೆಕ್ಕ ಇಟ್ಟವು. ಅರಿವಳಿಕೆ ಅಥವಾ ಮಂಪರು ಔಷಧ ಕೊಟ್ಟ ಪ್ರಾಣಿಗಳಲ್ಲಿ ಎರಡು ದಿನದೊಳಗೆ ಅದರಿಂದ ಸತ್ತವು ಎಷ್ಟು ಅಂತ. 2008 ರಲ್ಲಿ ಅದು ಪ್ರಕಟವಾಯಿತು. ನಾಯಿಗಳಲ್ಲಿ ಶೇಕಡಾ 0.17. ಬೆಕ್ಕುಗಳಲ್ಲಿ 0.24. ಮೊಲಗಳಲ್ಲಿ 1.39. ಅಂದರೆ ಸುಮಾರು 72 ಮೊಲಗಳಿಗೆ ಒಂದು. ಆರೋಗ್ಯವಾಗಿದ್ದ ಮೊಲಗಳನ್ನಷ್ಟೇ ತೆಗೆದುಕೊಂಡರೆ 0.73, ಕಾಯಿಲೆ ಬಿದ್ದವುಗಳಲ್ಲಿ 7 ಕ್ಕೂ ಮೇಲೆ.

ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಅಂದರು. ಹೌದು. ನಾಯಿಗಿಂತ ಮೊಲಕ್ಕೆ ಅಪಾಯ ಜಾಸ್ತಿ. ಇದನ್ನು ಮುಚ್ಚಿಡಬಾರದು. ಆದರೆ ಕೊನೆಯ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾಯಿಲೆ ಬರಲಿ, ಆಗ ಮಾಡಿಸೋಣ ಅನ್ನುವವರು ಹತ್ತು ಪಟ್ಟು ಅಪಾಯದ ದಿನಕ್ಕೆ ಆಪರೇಷನ್ನನ್ನು ಮುಂದೂಡುತ್ತಿದ್ದಾರೆ. ಅದು ಗೊತ್ತಿದ್ದೇ ಮುಂದೂಡಿದರೆ ನನ್ನ ತಕರಾರಿಲ್ಲ.

ಅದೇ ಅಧ್ಯಯನ ಇನ್ನೊಂದು ವಿಷಯ ಹೇಳಿತು. ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಆಪರೇಷನ್ ಮುಗಿದ ಮೇಲೆ. ಟೇಬಲ್ಲಿನ ಮೇಲಲ್ಲ. ಇದು ನನಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಾಗಿತ್ತು, ಕೆಟ್ಟ ರೀತಿಯಲ್ಲಿ. ನಾಯಿಗೆ ಹೇಳುವ ಹಾಗೆ ಒಬ್ಬರಿಗೆ "ರಾತ್ರಿಯಿಂದ ಏನೂ ಕೊಡಬೇಡಿ" ಅಂದಿದ್ದೆ. ಆಪರೇಷನ್ ಚೆನ್ನಾಗೇ ಆಯಿತು. ಹೊಲಿಗೆ ನೀಟಾಗಿತ್ತು, ನನಗೆ ಹೆಮ್ಮೆ. ನೋವಿನ ಔಷಧ ಒಂದೇ ಡೋಸ್ ಕೊಟ್ಟು ಮನೆಗೆ ಕಳಿಸಿದೆ. ಮೊಲ ಮೂಲೆಯಲ್ಲಿ ಕೂತಿತು. ಹುಲ್ಲು ಮುಟ್ಟಲಿಲ್ಲ, ಹಿಕ್ಕೆ ಹಾಕಲಿಲ್ಲ. ಮೂರನೆಯ ದಿನ ಸತ್ತಿತು.

ನಾಯಿ ವಾಂತಿ ಮಾಡಿಕೊಂಡು ಶ್ವಾಸನಾಳಕ್ಕೆ ಹೋದೀತು ಅಂತ ಉಪವಾಸ ಹಾಕುತ್ತೇವೆ. ಮೊಲಕ್ಕೆ ವಾಂತಿ ಮಾಡಲು ಬರೋದೇ ಇಲ್ಲ. ಅದರ ಕರುಳು ಯಾವಾಗಲೂ ಓಡುತ್ತಿರಬೇಕು. ನಿಂತರೆ ಒಳಗೆ ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ, ನೋವಿಗೆ ತಿನ್ನೋದಿಲ್ಲ, ತಿನ್ನದಿದ್ದರೆ ಕರುಳು ಇನ್ನೂ ನಿಲ್ಲುತ್ತದೆ. ಹಾಗಾಗಿ ಡಾಕ್ಟರನ್ನು ಆರಿಸುವಾಗ ನನ್ನ ಸಲಹೆ ಒಂದೇ. "ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಕಾ?" ಅಂತ ಏನೂ ತಿಳಿಯದವರ ಹಾಗೆ ಕೇಳಿ. "ಬೇಡ, ಬರುವವರೆಗೂ ಹುಲ್ಲು ತಿನ್ನಲಿ, ಸ್ವಲ್ಪ ಹುಲ್ಲು ಜೊತೆಗೂ ತನ್ನಿ" ಅಂದರೆ ಕೂತು ಮಾತಾಡಿ. "ಹೌದು, ಹನ್ನೆರಡು ಗಂಟೆ" ಅಂದರೆ ನಮಸ್ಕಾರ ಹೇಳಿ ಬನ್ನಿ. ಅವರು ನಾಯಿಗೆ ಒಳ್ಳೆಯ ಡಾಕ್ಟರೇ ಇರಬಹುದು. ಮೊಲಕ್ಕೆ ಅಲ್ಲ. ಹಾಗೇ ಆಮೇಲೆ ಮನೆಗೆ ಬರೆದುಕೊಡುವ ಔಷಧ ಕೇಳಿ. ಬಾಯಿಗೆ ಅಮಾಕ್ಸಿಸಿಲಿನ್ ಬರೆದರೆ ಬೇಡ ಅನ್ನಿ. ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ, ಮೊಲವನ್ನೂ ಕೊಲ್ಲಬಹುದು. ಆಪರೇಷನ್ ವೇಳೆ ಉಸಿರಾಟಕ್ಕೆ ಹಾಕುವ ಕೊಳವೆ, ಮೈ ಬೆಚ್ಚಗಿಡೋದು, ನೋವಿನ ಔಷಧ ಎಷ್ಟು ದಿನ, ಇವನ್ನೂ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರು ಬೇಡ.

ಗಂಡು ಮೊಲದ ಕಥೆ ಬೇರೆ, ಅದನ್ನು ಬೇಗ ಮುಗಿಸುತ್ತೇನೆ. ಗಂಡಿಗೆ ಬೀಜದ ಗೆಡ್ಡೆ ಬರಬಹುದು, ಆದರೆ ಹೆಣ್ಣಿನ ಗರ್ಭಕೋಶದಷ್ಟು ಅಲ್ಲ. ಬಂದರೂ ಹೊರಗೆ ಕೈಗೆ ಸಿಗುತ್ತದೆ, ಒಂದು ದೊಡ್ಡದು ಒಂದು ಚಿಕ್ಕದು ಅಂತ ಕಾಣುತ್ತದೆ. ಒಬ್ಬಂಟಿ ಗಂಡು, 4 ವರ್ಷ, ಗೋಡೆಗೆ ಮೂತ್ರ ಹಾರಿಸೋದಿಲ್ಲ, ಕಾಲು ಸುತ್ತಿಕೊಂಡು ಕಾಟ ಕೊಡೋದಿಲ್ಲ, ಖುಷಿಯಾಗಿದೆ. ಅದಕ್ಕೆ ಯಾಕೆ ಕತ್ತರಿ? ತಿಂಗಳಿಗೊಮ್ಮೆ ಕೈಯಾಡಿಸಿ ನೋಡಿ, ಸಾಕು ಅನ್ನುತ್ತೇನೆ. ನನ್ನ ಸ್ನೇಹಿತ ಡಾಕ್ಟರುಗಳಲ್ಲಿ ಕೆಲವರು ಒಪ್ಪೋದಿಲ್ಲ. ಎಲ್ಲಕ್ಕೂ ಮಾಡಿಸಬೇಕು ಅನ್ನುತ್ತಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ನಮ್ಮಲ್ಲೂ ಇದ್ದಾರೆ ಬಿಡಿ, ನಾನೂ ಇರಬಹುದು.

ಆದರೆ ಗಂಡಿಗೆ ಜೊತೆ ತರುವ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. ಮೊಲ ಗುಂಪಿನ ಪ್ರಾಣಿ, ಜೊತೆ ಬೇಕು. ಎರಡು ಗಂಡು ದೊಡ್ಡವಾದ ಮೇಲೆ ಜಗಳವಾಡುತ್ತವೆ, ಸುಮ್ನೆ ಅಲ್ಲ, ಬೀಜಕ್ಕೇ ಬಾಯಿ ಹಾಕುತ್ತವೆ. ಗಂಡು ಹೆಣ್ಣು ಇದ್ದರೆ ಮುಂದಿನದು ನಿಮಗೇ ಗೊತ್ತು. ಚೆನ್ನಾಗಿ ಹೊಂದುವುದು ಆಪರೇಷನ್ ಆದ ಗಂಡು, ಆಪರೇಷನ್ ಆದ ಹೆಣ್ಣು. ಒಂದು ಎಚ್ಚರಿಕೆ. ಬೀಜ ತೆಗೆದ ಗಂಡನ್ನು ಮರುದಿನವೇ ಹೆಣ್ಣಿನ ಜೊತೆ ಬಿಡಬೇಡಿ. ನಾಳದಲ್ಲಿ ಉಳಿದ ವೀರ್ಯ ಇನ್ನೂ ಕೆಲಸ ಮಾಡುತ್ತದೆ. ನಾಲ್ಕರಿಂದ ಆರು ವಾರ ಬೇರೆ ಇಡಿ. ಆಪರೇಷನ್ ಮಾಡಿಸಿದ ಮೇಲೂ ಮರಿ ಆಯಿತು ಅಂತ ನನ್ನ ಮೇಲೆ ಕೂಗಾಡಿದವರೊಬ್ಬರಿದ್ದಾರೆ. ನಾನು ಚೀಟಿಯಲ್ಲಿ ಬರೆದಿದ್ದೆ. ಆದರೆ ನನ್ನ ಕೈಬರಹ ಓದಲು ಬರಲಿಲ್ಲವಂತೆ.

ಸ್ವಭಾವ ಬದಲಾಗುತ್ತಾ ಅಂತಲೂ ಕೇಳುತ್ತೀರಿ. ಹಾರ್ಮೋನಿನಿಂದ ಬಂದದ್ದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಮೂತ್ರ ಹಾರಿಸೋದು, ಇನ್ನೊಂದರ ಮೇಲೆ ಏರೋದು, ಹೆಣ್ಣಾದರೆ ಸುಳ್ಳು ಬಸಿರಿನಲ್ಲಿ ಎದೆಯ ತುಪ್ಪಳ ಕಿತ್ತು ಗೂಡು ಕಟ್ಟೋದು. ಆದರೆ ದೊಡ್ಡ ಮೊಲದಲ್ಲಿ ಕೆಲವು ಅಭ್ಯಾಸಗಳು ಆಗಲೇ ಗಟ್ಟಿಯಾಗಿರುತ್ತವೆ. ಎತ್ತಿಕೊಂಡರೆ ಕಚ್ಚುವ ಮೊಲ ಹೆದರಿ ಕಚ್ಚುತ್ತಿದ್ದರೆ, ಆಪರೇಷನ್ ಆದ ಮೇಲೂ ಕಚ್ಚುತ್ತದೆ. ಅದಕ್ಕೆ ಔಷಧ ಎತ್ತಿಕೊಳ್ಳದೇ ಇರೋದು.

ಈಗ ವಯಸ್ಸು. ಮರಿಯಲ್ಲಿ ಐದಾರು ತಿಂಗಳಿಗೆ ಮಾಡಿಸಿದರೆ ಸುಲಭ, ಅದು ಎಲ್ಲರಿಗೂ ಗೊತ್ತು. ನಿಮ್ಮದು ದೊಡ್ಡದು. 2, 3, 4 ವರ್ಷದ ಆರೋಗ್ಯವಂತ ಹೆಣ್ಣು, ಕೈ ಪಳಗಿದ ಡಾಕ್ಟರು ಸಿಕ್ಕರೆ, ಮಾಡಿಸಿ. ಇದು ನನ್ನ ಅಭಿಪ್ರಾಯ, ಗಟ್ಟಿಯಾಗೇ ಹೇಳುತ್ತೇನೆ. 7 ವರ್ಷದ್ದು, ಏನೂ ಲಕ್ಷಣ ಇಲ್ಲ ಅಂದರೆ ನಾನು ಸುಮ್ನೆ ಕೊಯ್ಯೋದಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡುತ್ತೇನೆ, ಮೊಲೆಗಳಲ್ಲಿ ಗಂಟು ಇದೆಯಾ ನೋಡುತ್ತೇನೆ. ಗರ್ಭಕೋಶ ದಪ್ಪವಾಗಿ ಕಂಡರೆ, ಎದೆಯ ಎಕ್ಸ್‌ರೇ ಸ್ವಚ್ಛವಾಗಿದ್ದರೆ, ಆಗ ಆ ವಯಸ್ಸಿನಲ್ಲೂ ಆಪರೇಷನ್ ಮಾಡುತ್ತೇನೆ. ಎದೆಗೆ ಹರಡಿದ್ದರೆ ಹೊಟ್ಟೆ ಕೊಯ್ದು ಉಪಯೋಗ ಇಲ್ಲ. ಐದು, ಆರು ವರ್ಷದವು ಮಧ್ಯದವು. ಅಲ್ಲಿ ರಕ್ತಪರೀಕ್ಷೆ, ಹಲ್ಲು, ತೂಕ ಎಲ್ಲ ನೋಡಿ, ಮನೆಯವರ ಜೊತೆ ಕೂತು ಮಾತಾಡುತ್ತೇನೆ.

ತೂಕ ಅಂದೆ. ಇದನ್ನು ಯಾರೂ ಗಮನಿಸೋದಿಲ್ಲ. ದಪ್ಪ ಮೊಲ ತನ್ನ ಕೊಬ್ಬನ್ನು ಗರ್ಭಕೋಶದ ಸುತ್ತಲೇ ತುಂಬಿಕೊಂಡಿರುತ್ತದೆ. ಬೆಣ್ಣೆಯಲ್ಲಿ ದಾರ ಹುಡುಕಿದ ಹಾಗೆ ರಕ್ತನಾಳ ಹುಡುಕಬೇಕು. ಬಿಸ್ಕೆಟ್, ಬಾಳೆಹಣ್ಣು, ದಿನವಿಡೀ ಕ್ಯಾರೆಟ್ ನಿಲ್ಲಿಸಿ. ಗರಿಕೆ, ಒಣಹುಲ್ಲು ಹಾಕಿ, ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಇಳಿಸಿ, ಆಮೇಲೆ ಬನ್ನಿ. ನಿಧಾನವಾಗಿ ಅನ್ನೋದನ್ನು ಒತ್ತಿ ಹೇಳುತ್ತೇನೆ. ಪಟ್ಟನೆ ಊಟ ಕಡಿಮೆ ಮಾಡಿದರೆ ಪಿತ್ತಜನಕಾಂಗ ಕೆಡುತ್ತದೆ.

ಆತುರದ ಕೇಸ್ ಅಲ್ಲದಿದ್ದರೆ ಏಪ್ರಿಲ್, ಮೇ ಬಿಡಿ. ಮೊಲಕ್ಕೆ ಬಿಸಿಲು ಆಗೋದಿಲ್ಲ. ಬೆವರೋದೂ ಇಲ್ಲ, ಕಿವಿಯಿಂದಲೇ ಶಾಖ ಬಿಡಬೇಕು. ಕಲಬುರಗಿಯಿಂದ ಒಬ್ಬರು ಮೇ ತಿಂಗಳಲ್ಲಿ ಬಸ್ಸಿನಲ್ಲಿ ಮೊಲ ತರುತ್ತೇನೆ ಅಂದರು. ಬೇಡ, ದೀಪಾವಳಿ ಮುಗಿಸಿಕೊಂಡು ಬನ್ನಿ ಅಂದೆ.

ರಾಜನ ವಿಷಯಕ್ಕೆ ಬರುತ್ತೇನೆ. ಇಷ್ಟನ್ನೂ ಅಜ್ಜಿಗೆ ಹೇಳಿದೆ, 72 ಕ್ಕೆ ಒಂದು ಅನ್ನುವುದನ್ನೂ ಸೇರಿಸಿ. ಅವರು ಎರಡು ವಾರ ತೆಗೆದುಕೊಂಡರು. ಡಿಸೆಂಬರಿನಲ್ಲಿ ಮಾಡಿದೆವು. ಸಂಜೆಗೆ ರಾಜ ಕೊತ್ತಂಬರಿ ತಿಂದ, ಅಲ್ಲ, ತಿಂದಳು, ಮನೆಯವರು ಇನ್ನೂ ತಿಂದ ಅಂತಲೇ ಅನ್ನುತ್ತಾರೆ. ಆ ರಾತ್ರಿ ಅಜ್ಜಿಯೇ ಎದ್ದೆದ್ದು ಹಿಕ್ಕೆ ಎಣಿಸಿದರಂತೆ. ಬೆಳಿಗ್ಗೆ ನನಗೆ ಫೋನ್. "ಹದಿನೇಳು ಡಾಕ್ಟ್ರೇ, ಆದ್ರೆ ಸಣ್ಣ ಸಣ್ಣದು." ಅಷ್ಟು ಒಳ್ಳೆಯ ವರದಿ ನನಗೆ ಯಾವ ನರ್ಸೂ ಕೊಟ್ಟಿಲ್ಲ. ಹಿಟ್ಟು ಕಲಸಿದ ಹಾಗೆ ಪೆಲೆಟ್ ನೆನೆಸಿ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ನೋವಿನ ಔಷಧ ಬಿಡಬೇಡಿ ಅಂದೆ. ಮೂರನೆಯ ದಿನಕ್ಕೆ ಹಿಕ್ಕೆ ಮಾಮೂಲಿ ಗಾತ್ರಕ್ಕೆ ಬಂತು.

ಹೊಲಿಗೆ ನೋಡಲು ಬಂದಾಗ ಅಜ್ಜಿ ಕೇಳಿದರು, "ಒಳಗೆ ಏನಿತ್ತು?" ತೆಗೆದ ಗರ್ಭಕೋಶವನ್ನು ನಾನು ಕತ್ತರಿಸಿ ನೋಡಿದ್ದೆ, ಪರೀಕ್ಷೆಗೂ ಕಳಿಸಿದ್ದೆ. ಏನೂ ಇರಲಿಲ್ಲ. ಸ್ವಚ್ಛವಾಗಿತ್ತು. ಹೇಳಿದೆ.

"ಹಾಗಾದ್ರೆ ಸುಮ್ನೆ ಕೊಯ್ದ ಹಾಗಾಯ್ತಲ್ಲ" ಅಂದರು.

ಏನು ಹೇಳಲಿ? ಆ ಮೊಲಕ್ಕೆ ಮುಂದೆ ಕ್ಯಾನ್ಸರ್ ಬರುತ್ತಿತ್ತೋ ಇಲ್ಲವೋ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ಬಾರದೇ ಹೋದ ಕಾಯಿಲೆಯನ್ನು ಎಕ್ಸ್‌ರೇಯಲ್ಲಿ ತೋರಿಸಲು ಆಗೋದಿಲ್ಲ. "ಹೌದಮ್ಮಾ, ಇರಬಹುದು" ಅಂದೆ. ಅಜ್ಜಿ ರಾಜನ ಕಿವಿ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇರ್ಲಿ ಬಿಡಿ. ನನ್ನದೂ ತೆಗೆಸಿದಾಗ ಡಾಕ್ಟ್ರು ಹೀಗೇ ಅಂದಿದ್ರು" ಅಂದರು.

ಪ್ರಶ್ನೆಗಳಿಗೆ ಸ್ವಲ್ಪ ಸಮಯ ಉಳಿದಿತ್ತು. ಒಬ್ಬರು, ಆಪರೇಷನ್ ದಿನ ಜೊತೆಯ ಮೊಲವನ್ನು ಮನೆಯಲ್ಲೇ ಬಿಡಬೇಕಾ ಅಂತ ಕೇಳಿದರು. ಬೇಡ, ಎರಡನ್ನೂ ತನ್ನಿ. ಆಸ್ಪತ್ರೆಯ ವಾಸನೆ ಹೊತ್ತು ಒಂದೇ ವಾಪಸ್ ಹೋದರೆ ಇನ್ನೊಂದು ಅದನ್ನು ಗುರುತು ಹಿಡಿಯದೆ ಹೊಡೆಯುತ್ತದೆ. ಇನ್ನೊಬ್ಬರು, ಆದ ಮೇಲೆ ಎಷ್ಟು ಹೊತ್ತು ತಿನ್ನದಿದ್ದರೆ ಗಾಬರಿಯಾಗಬೇಕು ಅಂದರು. ಮನೆಗೆ ಬಂದು 12 ಗಂಟೆಯಾದರೂ ತಿಂದಿಲ್ಲ, ಹಿಕ್ಕೆ ಇಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಫೋನ್ ಮಾಡಿ.

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತಳು. "ಅಂಕಲ್, ನಮ್ಮನೇಲಿ ಎರಡಿವೆ. ಅಂಗಡಿಯವರು ಎರಡೂ ಗಂಡು ಅಂದಿದ್ದಾರೆ. ಒಂದು ನಿನ್ನೆಯಿಂದ ಹುಲ್ಲು ಕಚ್ಕೊಂಡು ಓಡಾಡ್ತಿದೆ, ಎದೆ ಕೂದಲೆಲ್ಲ ಕಿತ್ಕೊಂಡಿದೆ."

"ನಾಳೆ ಬೆಳಿಗ್ಗೆ ಎರಡನ್ನೂ ತಗೊಂಡು ಬಾ ಪುಟ್ಟಿ. ಈಗ ಮನೆಗೆ ಹೋಗಿ ಬೇರೆ ಬೇರೆ ಮಾಡು. ಒಂದು ಡಬ್ಬದಲ್ಲಿ ಹುಲ್ಲು ತುಂಬಿ ಆ ಗಂಡಿನ ಹತ್ತಿರ ಇಡು" ಅಂದೆ.